ಗುಬ್ಬಿಯ ಸೂಜಿ

ಹೆಸರು ಗುಬ್ಬಿ ಎಂದಿದ್ದರೂ ಅವಳೇನು ಪುಟ್ಟ ಹುಡುಗಿಯಲ್ಲ. ವಯಸ್ಸು ಮೂವತ್ತೈದು ದಾಟಿತ್ತು. ದುಂಡು ಮುಖ, ಗಟ್ಟಿ ಮೈಕಟ್ಟು, ನಡೆದರೆ ಕೆಳಗಿನ ಮನೆಯವರಿಗೂ ಗೊತ್ತಾಗುವಂಥ ಹೆಜ್ಜೆ. ತೊಟ್ಟಿಲಲ್ಲಿದ್ದಾಗ ಸದಾ ಚಿಲಿಪಿಲಿ ಎನ್ನುತ್ತಿದ್ದಳೆಂದು ಅಮ್ಮ ಕರೆದ ಹೆಸರು ಹಾಗೇ ಅಂಟಿಕೊಂಡಿತ್ತು. ಮಾತು ಬಂದದ್ದು ತಡ, ನಡೆದದ್ದು ತಡ, ಶಾಲೆಯಲ್ಲಿ ಅಕ್ಷರ ಕೊನೆಗೂ ಹತ್ತಲಿಲ್ಲ. ಬುದ್ಧಿಯ ಬೆಳವಣಿಗೆ ನಿಧಾನ ಎಂದು ಡಾಕ್ಟರು ಹೇಳಿದಾಗ ಅಮ್ಮ, "ಇರ್ಲಿ ಬಿಡಿ, ನಮಗೇನು ಅವಸರ?" ಎಂದಿದ್ದಳಂತೆ.

ಈಗ ಗುಬ್ಬಿ ಒಂದು ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು. ಆಸ್ಪತ್ರೆಯಿಂದ ಒಗೆದು ಬಂದ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡಿ ಮಡಚುವ ಕೆಲಸ. ಅಲ್ಲಿರುವವರೆಲ್ಲ ಅವಳ ಹಾಗೆಯೇ ಒಂದಲ್ಲ ಒಂದು ಕೊರತೆ ಇದ್ದವರು. ದಿಂಬಿನ ಚೀಲ ಮಡಚುವುದರಲ್ಲಿ ಗುಬ್ಬಿಯನ್ನು ಮೀರಿಸುವವರಿರಲಿಲ್ಲ. ಅವಳು ಪೇರಿಸಿದ ಚೀಲಗಳ ಅಂಚು ಗೋಡೆಯ ಹಾಗೆ ನೇರವಾಗಿರುತ್ತಿತ್ತು.

ಸಕ್ಕರೆ ಕಾಯಿಲೆ ಅವಳಿಗೆ ಹರೆಯದಲ್ಲೇ ಬಂದಿತ್ತು. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಬೇಕು. ಅಮ್ಮ ಇರುವ ತನಕ ಅಮ್ಮ ಚುಚ್ಚುತ್ತಿದ್ದಳು. ಅಮ್ಮ ಹೋದ ಮೇಲೆ ಆ ಕೆಲಸ ಅಪ್ಪನ ಪಾಲಿಗೆ ಬಂತು. ಅಪ್ಪ ಬಸ್ಸಿನ ಡ್ರೈವರ್ ಆಗಿ ನಿವೃತ್ತನಾದವನು. ಇಡೀ ಜೀವಮಾನದಲ್ಲಿ ಒಂದು ಸೈಕಲ್ಲಿಗೂ ತಾಗಿಸಿದವನಲ್ಲ. ಮಗಳ ಸೂಜಿಯನ್ನೂ ಅಷ್ಟೇ ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದ. ಸೀಸೆ ತಲೆಕೆಳಗು ಮಾಡು, ಸಿರಿಂಜಿಗೆ ಔಷಧಿ ಎಳೆ, ಗೆರೆ ನೋಡು, ಚುಚ್ಚು. ಗುಬ್ಬಿ ಅಂಗಿ ಎತ್ತಿ, ಬೇರೆ ಕಡೆ ನೋಡುತ್ತ ನಿಲ್ಲುತ್ತಿದ್ದಳು.

ಹೀಗಿರುವಾಗ ಒಂದು ದಿನ ಕೇಂದ್ರದಿಂದ ಫೋನು ಬಂತು. ಗುಬ್ಬಿ ಇದ್ದಕ್ಕಿದ್ದಂತೆ ಬೆವರಿ ಒದ್ದೆಯಾಗಿದ್ದಳು. ಮಡಚಿದ ಚೀಲವನ್ನೇ ಬಿಚ್ಚಿ ಮತ್ತೆ ಮಡಚುತ್ತ, ತಡೆಯಲು ಬಂದವರ ಕೈಗೆ ಪಟಾರನೆ ಹೊಡೆದು, ನೆಲದ ಮೇಲೆ ಕುಸಿದು ಕೂತಿದ್ದಳು. ಅಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿದ. ಅವನು ತಲುಪುವಷ್ಟರಲ್ಲಿ ಕೇಂದ್ರದ ನರ್ಸಮ್ಮ ಅವಳಿಗೆ ಹಣ್ಣಿನ ರಸ ಕುಡಿಸಿ ಕುರ್ಚಿಯ ಮೇಲೆ ಕೂರಿಸಿದ್ದರು. ಗುಬ್ಬಿ ಬಿಸ್ಕತ್ತು ತಿನ್ನುತ್ತ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಮುಖ ಊದಿಸಿಕೊಂಡಿದ್ದಳು.

"ಸಕ್ಕರೆ ತುಂಬಾ ಇಳಿದುಹೋಗಿತ್ತು," ಎಂದರು ನರ್ಸಮ್ಮ. ನಡುವಯಸ್ಸಿನ ಹೆಂಗಸು, ಮೆಲುದನಿ. "ಬೆಳಗ್ಗೆ ಎಷ್ಟು ಕೊಟ್ರಿ ಯಜಮಾನ್ರೇ?"

"ಹತ್ತು. ಯಾವಾಗ್ಲೂ ಹತ್ತೇ."

"ತಿಂಡಿ?"

"ಎರಡು ಮೊಟ್ಟೆ, ಬ್ರೆಡ್ಡು. ತಟ್ಟೆ ನೆಕ್ಕಿ ಎದ್ದಿದ್ದಾಳೆ."

ನರ್ಸಮ್ಮ, "ನಾಳೆ ಬೆಳಗ್ಗೆ ಮನೆಗೆ ಬರ್ಲಾ? ನೀವು ಹೇಗೆ ಕೊಡ್ತೀರ ಅಂತ ಸುಮ್ನೆ ಒಂದ್ಸಲ ನೋಡ್ತೀನಿ," ಎಂದರು. ಬೇಡ ಎನ್ನಲು ಅಪ್ಪನಿಗೆ ನೆಪ ಸಿಗಲಿಲ್ಲ.

ಮಾರನೆಯ ದಿನ ಅಡುಗೆಮನೆಯ ಕಿಟಕಿಯ ಬಳಿ ನಿಂತು ಅಪ್ಪ ಎಂದಿನಂತೆ ಸೀಸೆ ಎತ್ತಿ ಹಿಡಿದ. ಕಣ್ಣು ಕಿರಿದು ಮಾಡಿ, ಸಿರಿಂಜನ್ನು ಮೂಗಿನ ತನಕ ತಂದು, ದೂರ ಒಯ್ದು, ಮತ್ತೆ ಹತ್ತಿರ ತಂದು ಎಳೆದ. ಗುಬ್ಬಿ ಅಂಗಿ ಎತ್ತಿದಳು. ಅಷ್ಟರಲ್ಲಿ ನರ್ಸಮ್ಮ, "ಒಂದ್ನಿಮಿಷ ಕೊಡಿ," ಎಂದು ಸಿರಿಂಜು ಇಸಕೊಂಡರು.

"ಎಷ್ಟಿದೆ ಇದ್ರಲ್ಲಿ?"

"ಹತ್ತು."

"ಹದಿನಾಲ್ಕಿದೆ, ಯಜಮಾನ್ರೇ."

"ಇಲ್ಲಿ ಬೆಳಕು ಸಾಲ್ದು," ಎಂದ ಅಪ್ಪ. ಕಿಟಕಿಯಿಂದ ಬಂದ ಬಿಸಿಲು ಅವನ ಮುಖದ ಮೇಲೆಯೇ ಬಿದ್ದಿತ್ತು. ನರ್ಸಮ್ಮ ಆ ಮಾತನ್ನು ಎತ್ತಲಿಲ್ಲ. ಹೆಚ್ಚಿನದ್ದನ್ನು ಚೆಲ್ಲಿ, ಹತ್ತಕ್ಕೆ ತಂದು, ತಾವೇ ಚುಚ್ಚಿದರು. ಆಮೇಲೆ ಮೇಜಿನ ಬಳಿ ಕೂತು, "ಇನ್ಮೇಲೆ ಇದನ್ನ ಗುಬ್ಬಿಗೇ ಕಲಿಸೋಣ," ಎಂದರು.

"ಅವಳ ಕೈಗೆ ಸೂಜಿನಾ? ಸ್ಟೌ ಹಚ್ಚೋಕೂ ನಾನು ಅವಳನ್ನ ಬಿಟ್ಟಿಲ್ಲ ಕಣಮ್ಮ!"

"ಸ್ಟೌ ವಿಚಾರ ಇನ್ನೊಂದಿನ ನೋಡೋಣ. ಸೂಜಿಗೆ ಈಗ ಪೆನ್ನಿನ ಥರದ್ದು ಬಂದಿದೆ. ಸೀಸೆ, ಗೆರೆ ಯಾವ ತಾಪತ್ರಯವೂ ಇಲ್ಲ. ತಿರುಗಿಸಿದ್ರೆ ಟಕ್ ಟಕ್ ಅನ್ನುತ್ತೆ, ದೊಡ್ಡ ಅಂಕಿ ಕಾಣ್ಸುತ್ತೆ."

"ನಾನಿಲ್ವಾ? ನಾನೇನು ಸತ್ತೋದ್ನಾ?"

"ನಾನೇ ಮಾಡ್ತೀನಿ," ಎಂದಳು ಗುಬ್ಬಿ.

"ನೀನು ಸುಮ್ನಿರು."

"ಹೊಟ್ಟೆ ನಂದು," ಎಂದಳು ಗುಬ್ಬಿ.

ನರ್ಸಮ್ಮ ನಗು ತಡೆಯಲು ಚೀಲದೊಳಗೆ ಏನನ್ನೋ ಹುಡುಕತೊಡಗಿದರು.

ಪಾಠ ಶುರುವಾಯಿತು. ಮೊದಮೊದಲು ಚುಚ್ಚಿಸಿಕೊಂಡದ್ದು ಒಂದು ಕಿತ್ತಳೆ ಹಣ್ಣು. ಕೈ ತೊಳೆ, ಪೆನ್ನಿಗೆ ಹೊಸ ಸೂಜಿ ಹಾಕು, ಎರಡು ಟಕ್ ತಿರುಗಿಸಿ ಒತ್ತಿ ತುದಿಯಲ್ಲಿ ಹನಿ ಬರುತ್ತದೋ ನೋಡು, ಆಮೇಲೆ ಹತ್ತಕ್ಕೆ ತಿರುಗಿಸು. ನರ್ಸಮ್ಮ ಒಂದೊಂದಕ್ಕೂ ಚಿತ್ರ ಬರೆದು ಗೋಡೆಗೆ ಅಂಟಿಸಿದರು. ಹನಿ ಬಂದಾಗಲೆಲ್ಲ ಗುಬ್ಬಿ ಚಪ್ಪಾಳೆ ತಟ್ಟುತ್ತಿದ್ದಳು. ಚುಚ್ಚಿದ ಮೇಲೆ ಕಿತ್ತಳೆಯನ್ನು ಸವರಿ, "ನೋವಾಯ್ತಾ?" ಎಂದು ಕೇಳುತ್ತಿದ್ದಳು.

ತೊಡಕು ಬಂದದ್ದು ಬೇರೆ ಕಡೆ. ಚುಚ್ಚಿದ ಸೂಜಿಯನ್ನು ಔಷಧಿ ಪೂರ್ತಿ ಒಳಗೆ ಹೋಗುವ ತನಕ ತೆಗೆಯುವಂತಿಲ್ಲ, ಹತ್ತು ಎಣಿಸಬೇಕು. ಗುಬ್ಬಿ ಒಂದು, ಎರಡು, ಮೂರು ಎಂದು ಹೊರಟು, ನಡುವೆ ಎಲ್ಲೋ ಹಾರಿ, ಹತ್ತು ಎಂದು ಎಳೆದುಬಿಡುತ್ತಿದ್ದಳು. ಎಷ್ಟು ಸಲ ತಿದ್ದಿದರೂ ಅದೇ ಕಥೆ. ಒಂದು ದಿನ ನರ್ಸಮ್ಮ, "ಎಣಿಕೆ ಬಿಡು. ನಿಮ್ಮ ಮೇಜಿನ ಸುತ್ತ ಯಾರ‍್ಯಾರು ಕೂರ್ತಾರೆ, ಹೇಳು," ಎಂದರು. ಗುಬ್ಬಿ ಉಸಿರು ಬಿಡದೆ ಶುರು ಮಾಡಿದಳು: "ಉದ್ದಕ್ಕ, ಕೆಮ್ಮಣ್ಣ, ಟೋಪಿ, ಜಡೆಯಕ್ಕ, ಗೊಣಗಣ್ಣ..." ಒಬ್ಬರನ್ನೂ ಬಿಡಲಿಲ್ಲ. ಲೆಕ್ಕಕ್ಕೆ ಸರಿಯಾಗಿ ಹತ್ತು ಮಂದಿ. ಅವತ್ತಿನಿಂದ ಸೂಜಿ ಹೊಟ್ಟೆಯೊಳಗಿರುವಾಗ ಇಡೀ ಮೇಜಿನವರ ಹಾಜರಿ ಆಗತೊಡಗಿತು. ಟೋಪಿ ಎಂಬವನು ಜ್ವರ ಬಂದು ರಜೆಯಲ್ಲಿದ್ದಾಗಲೂ ಅವನ ಹೆಸರು ಬಿಟ್ಟುಹೋಗಲಿಲ್ಲ.

ಇನ್ನೊಂದು ತೊಡಕು ಅದಕ್ಕಿಂತ ದೊಡ್ಡದು. ಸೂಜಿಗೆ ಮುಂಚೆ ಬೆರಳು ಚುಚ್ಚಿ, ಪುಟ್ಟ ಮೀಟರಿನಲ್ಲಿ ಸಕ್ಕರೆ ಎಷ್ಟಿದೆ ನೋಡಬೇಕು. ಬೆರಳು ಚುಚ್ಚುವುದಕ್ಕೆ ಗುಬ್ಬಿ ಹೆದರಲಿಲ್ಲ. ಮೀಟರಿನ ಅಂಕಿಯನ್ನೂ ಓದುತ್ತಿದ್ದಳು. ಆದರೆ ಯಾವುದು ಹೆಚ್ಚು, ಯಾವುದು ಕಮ್ಮಿ ಎಂಬುದು ಅವಳಿಗೆ ತಿಳಿಯದು. ಕಮ್ಮಿ ಇರುವಾಗ ಸೂಜಿ ಚುಚ್ಚಿಕೊಂಡರೆ ಮೊನ್ನೆ ಆದದ್ದಕ್ಕಿಂತ ದೊಡ್ಡ ಅನಾಹುತ. ನರ್ಸಮ್ಮ ಕಾಳು ಸುರಿದು ತೋರಿಸಿದರು, ಏಣಿಯ ಚಿತ್ರ ಬರೆದರು. ಗುಬ್ಬಿ ಕಾಳುಗಳನ್ನು ಚೆಂದವಾಗಿ ಸಾಲು ಜೋಡಿಸಿದಳೇ ಹೊರತು ವಿಷಯ ತಲೆಗೆ ಹೋಗಲಿಲ್ಲ.

ಅಪ್ಪ ಮೂಲೆಯ ಕುರ್ಚಿಯಲ್ಲಿ ಪೇಪರು ಬಿಡಿಸಿಕೊಂಡು ಕೂತಿದ್ದ. ಓದುತ್ತಿದ್ದಾನೆಂದು ಎಲ್ಲರೂ ತಿಳಿಯಲಿ ಎಂದು ಆಗಾಗ ಪುಟ ತಿರುಗಿಸುತ್ತಿದ್ದ. ಒಳಗೊಳಗೇ ಅವನಿಗೆ, ನೋಡಿದಿರಾ, ನಾನು ಹೇಳಲಿಲ್ಲವೇ ಎಂಬ ಖುಷಿ. ಆದರೆ ಗುಬ್ಬಿಯ ಮುಖ ಬಾಡುತ್ತ ಬಂದದ್ದು ಅವನ ಮಂಜುಗಣ್ಣಿಗೂ ಕಂಡಿತು. ಅವನಿಗೆ ತಡೆಯಲಾಗಲಿಲ್ಲ.

"ಬಸ್ ನಂಬರ್ ಕೇಳಿ ನೋಡಿ," ಎಂದ ಪೇಪರಿನ ಹಿಂದಿನಿಂದ.

"ಏನಂದ್ರಿ?"

"ಚಿಕ್ಕವಳಿದ್ದಾಗ ನನ್ನ ಸೀಟಿನ ಹಿಂದೆ ಕೂತ್ಕೊಂಡು ಊರೆಲ್ಲ ಸುತ್ತಿದ್ದಾಳೆ. ಅಂಕಿ ಕಲ್ತಿದ್ದೇ ಹಾಗೆ. ನಮ್ಮಲ್ಲಿ ಎರಡಂಕಿ ಬಸ್ಸು ಊರೊಳಗೇ ಸುತ್ತುತ್ತೆ, ಮೂರಂಕಿದು ಊರಾಚೆ ಹೋಗುತ್ತೆ. ಅದರಲ್ಲಿ ಅವಳು ಯಾವತ್ತೂ ತಪ್ಪಿಲ್ಲ."

ನರ್ಸಮ್ಮ ಮೀಟರಿನ ಹಾಗೆ ಒಂದು ಕಾಗದದಲ್ಲಿ ಅಂಕಿ ಬರೆದು ಹಿಡಿದರು. "ಊರೊಳಗೆ," ಎಂದಳು ಗುಬ್ಬಿ ಥಟ್ಟನೆ. ಇನ್ನೊಂದು ಹಿಡಿದರು. "ಊರಾಚೆ." ಮತ್ತೊಂದು, ಮಗದೊಂದು. ಒಂದೂ ತಪ್ಪಲಿಲ್ಲ. ನರ್ಸಮ್ಮ ಡಾಕ್ಟರಿಗೆ ಫೋನು ಮಾಡಿ ಮಾತಾಡಿದರು. ಮೂರಂಕಿ ಬಂದರೆ ಸೂಜಿ. ಎರಡಂಕಿ ಬಂದರೆ ಸೂಜಿ ಮುಟ್ಟುವಂತಿಲ್ಲ. ಹಣ್ಣಿನ ರಸ ಕುಡಿ, ಕೂತುಕೋ, ಫೋನು ಮಾಡು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೀಟರು ನೋಡು. ತೊಂಬತ್ತಕ್ಕೆ ರಸ ಕುಡಿದರೆ ನಷ್ಟವೇನಿಲ್ಲ, ಅರವತ್ತಕ್ಕೆ ಕುಡಿಯದೇ ಇದ್ದರೆ ಕಷ್ಟ ಎಂದು ಡಾಕ್ಟರು ಒಪ್ಪಿದರಂತೆ. ಹೊರಡುವಾಗ ನರ್ಸಮ್ಮ, "ನಾನು ವಾರದಿಂದ ತಲೆ ಕೆಡಿಸ್ಕೊಂಡಿದ್ದೆ. ನೀವು ಪೇಪರ್ ಓದ್ತಾನೇ ಬಿಡಿಸಿಬಿಟ್ರಿ," ಎಂದರು. ಅಪ್ಪ ಹುಂ ಎಂದ. ಒಳಗೆ ಒಂದು ಚೂರು ಬೀಗಿದ್ದೂ ನಿಜ.

ಕಿತ್ತಳೆಯ ಸರದಿ ಮುಗಿದು ಹೊಟ್ಟೆಯ ಸರದಿ ಬಂತು. ಮೊದಮೊದಲು ನರ್ಸಮ್ಮ ಗುಬ್ಬಿಯ ಕೈ ಮೇಲೆ ಕೈ ಇಟ್ಟಿರುತ್ತಿದ್ದರು. ಆಮೇಲೆ ಪಕ್ಕದಲ್ಲಿ ಕೈಕಟ್ಟಿ ನಿಂತರು. ಆಮೇಲೆ ಬಾಗಿಲ ಬಳಿ. ಆಮೇಲೆ ಬರುವುದನ್ನೇ ಕಮ್ಮಿ ಮಾಡಿದರು. ಅಪ್ಪ ಮಾತ್ರ ಪ್ರತಿ ಸಲವೂ ತನ್ನ ಕೈಗಳು ತಾವಾಗಿ ಮುಂದೆ ಹೋಗದಿರಲೆಂದು ಅವನ್ನು ಜೇಬಿನಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದ.

ಒಂದೇ ಹೊತ್ತಿಗೆ ಎರಡು ಸಲ ಆಗದಿರಲೆಂದು ನರ್ಸಮ್ಮ ಒಂದು ಉಪಾಯ ಮಾಡಿದ್ದರು. ಪುಟ್ಟ ಪುಟ್ಟ ಗೂಡುಗಳಿರುವ ಡಬ್ಬಿ. ಒಂದು ಗೂಡಿಗೆ ಒಂದೇ ಸೂಜಿ. ಗೂಡು ಖಾಲಿಯಾಗಿದ್ದರೆ ಆ ಹೊತ್ತಿನದು ಮುಗಿಯಿತು. ಒಂದು ಸಂಜೆ ಗುಬ್ಬಿ ಟಿ.ವಿ. ನೋಡುತ್ತ ಸೂಜಿ ಮರೆತೇಬಿಟ್ಟಿದ್ದಳು. ಡಬ್ಬಿ ನೋಡಿ ನೆನಪಾಯಿತು. ಅದನ್ನು ಅಪ್ಪ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಹಳೆಯ ಸಿರಿಂಜುಗಳ ಕಟ್ಟನ್ನು ಹಿಂತಿರುಗಿಸಿ ಎಂದು ನರ್ಸಮ್ಮ ಹೇಳಿದ್ದರೂ ಅವನು ಅಂಗಿಗಳ ಕೆಳಗೆ ಒಂದಷ್ಟು ಬಚ್ಚಿಟ್ಟಿದ್ದ. ಹಳೆಯ ಸೀಸೆ ಫ್ರಿಜ್ಜಿನಲ್ಲಿ ಬೆಣ್ಣೆಯ ಹಿಂದೆ ಇತ್ತು. ಯಾತಕ್ಕೂ ಇರಲಿ ಎಂದು.

ಒಂದು ಬೆಳಗ್ಗೆ ಅಪ್ಪ ಸ್ನಾನ ಮುಗಿಸಿ ಬರುವಾಗ ಗುಬ್ಬಿ ಆಗಲೇ ಬ್ರೆಡ್ಡು ಕಚ್ಚುತ್ತ ಕೂತಿದ್ದಳು.

"ಸೂಜಿ?"

"ಆಯ್ತು."

ಸ್ನಾನದ ಮನೆಗೆ ಯಾವ ಸದ್ದೂ ಕೇಳಿಸಿರಲಿಲ್ಲ. ಉದ್ದಕ್ಕ, ಕೆಮ್ಮಣ್ಣ ಎಂಬ ಹಾಜರಿಯೂ ಕಿವಿಗೆ ಬಿದ್ದಿರಲಿಲ್ಲ. ಅಪ್ಪ ಡಬ್ಬಿಗೆ ಕೈ ಹಾಕಿದ. ಇವತ್ತಿನ ಗೂಡು ಯಾವುದೆಂದು ಬೆರಳಲ್ಲಿ ತಡಕುತ್ತಿದ್ದಂತೆ ಡಬ್ಬಿ ಜಾರಿ ಬಿತ್ತು. ಮುಚ್ಚಳಗಳು ತೆರೆದುಕೊಂಡು ಸೂಜಿಗಳೆಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು. ಇನ್ನು ಯಾವ ಗೂಡು ಖಾಲಿಯಿತ್ತು, ಯಾವುದು ತುಂಬಿತ್ತು, ದೇವರೇ ಬಲ್ಲ.

"ನಿಜ ಹೇಳು ಗುಬ್ಬಿ. ಚುಚ್ಕೊಂಡ್ಯಾ?"

"ಆಯ್ತು ಅಂದ್ನಲ್ಲ."

"ಮೊನ್ನೆನೂ ಮರ್ತಿದ್ದೆ. ಇವತ್ತೂ ಮರ್ತಿದ್ದೀಯ."

ಅಪ್ಪ ಒಳಗೆ ಹೋಗಿ ಸಿರಿಂಜು ತಂದ, ಬೆಣ್ಣೆ ಸರಿಸಿ ಸೀಸೆ ತೆಗೆದ, ಕಿಟಕಿಯ ಬಳಿ ನಿಂತು ಔಷಧಿ ಎಳೆದ. ತಿರುಗಿದಾಗ ಗುಬ್ಬಿ ಕುರ್ಚಿಯಿಂದ ಎದ್ದು ಗೋಡೆಗೆ ಒರಗಿದ್ದಳು. ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದಳು.

"ಬೇಡ."

"ಅಂಗಿ ಎತ್ತು."

"ಬೇಡ ಅಪ್ಪ. ಒಂದ್ಸಲ ಮಾತ್ರ."

"ನಾನು ನಿನ್ನ ಅಪ್ಪ ಕಣೇ! ನಿನಗಿಂತ ಹೆಚ್ಚು ಗೊತ್ತು ನನಗೆ!"

ಅವಳು ಹುಟ್ಟಿದಾಗಿನಿಂದ ಅಪ್ಪ ಅಷ್ಟು ಜೋರಾಗಿ ಕೂಗಿದ್ದಿಲ್ಲ. ಅವಳು ಅವನ ಮಾತು ಮೀರಿದ್ದೂ ಇಲ್ಲ. ಆದರೂ ಅವಳ ಕೈ ಮಾತ್ರ ಸಡಿಲವಾಗಲಿಲ್ಲ. ಅಪ್ಪ ಅವಳ ತೋಳು ಹಿಡಿದ. ಬೆರಳಿಗೆ ಅವಳ ಮೈಯ ನಡುಕ ತಾಗಿತು. ಅವನಿಗೆ ಒಮ್ಮೆಗೇ ನಾಚಿಕೆಯಾಗಿ ಕೈ ಬಿಟ್ಟ.

"ಗೊತ್ತಿಲ್ದಿದ್ರೆ ಫೋನ್ ಮಾಡ್ಬೇಕು," ಎಂದಳು ಗುಬ್ಬಿ. ಗೋಡೆಗೆ ಬೆನ್ನು ಉಜ್ಜಿಕೊಂಡೇ ಫೋನಿನ ತನಕ ಸರಿದಳು. ನರ್ಸಮ್ಮನ ಚಿತ್ರ ಅಂಟಿಸಿದ ಗುಂಡಿ ಒತ್ತಿದಳು. "ಅಕ್ಕ, ಡಬ್ಬಿ ಬಿತ್ತು. ಅಪ್ಪ ಮತ್ತೆ ಚುಚ್ತಾರಂತೆ. ಬೇಡ ಅಂತ ಹೇಳಿ."

ನರ್ಸಮ್ಮ ಅಪ್ಪನ ಬಳಿ ಮಾತಾಡಿದರು. ದನಿ ಏರಿಸಲಿಲ್ಲ. "ಅವಳು ತಗೊಂಡಿದ್ದಾಳೋ ಇಲ್ವೋ ನಿಮಗೆ ಖಾತ್ರಿ ಇಲ್ಲ, ಅಲ್ವಾ? ಖಾತ್ರಿ ಇಲ್ದಿದ್ರೆ ಕೊಡಬಾರದು. ಒಂದು ಹೊತ್ತು ತಪ್ಪಿದ್ರೆ ಸಕ್ಕರೆ ಏರುತ್ತೆ, ಡಾಕ್ಟರ್‌ನ ಕೇಳಿ ಸರಿ ಮಾಡ್ಬಹುದು. ಎರಡು ಸಲ ಒಳಗೆ ಹೋದ್ರೆ ವಾಪಸ್ ತೆಗೆಯೋಕಾಗಲ್ಲ. ಇವತ್ತು ಅವಳು ಮನೇಲೇ ಇರ್ಲಿ. ಆಗಾಗ ಮೀಟರ್ ನೋಡ್ತಿರಿ. ನಾನು ಮಧ್ಯಾಹ್ನ ಬರ್ತೀನಿ." ಕೊನೆಗೆ, "ಸೀಸೆ ಎಲ್ಲಿತ್ತು?" ಎಂದರು.

ಪಕ್ಕದಲ್ಲೇ ಕಿವಿ ಹಚ್ಚಿದ್ದ ಗುಬ್ಬಿಗೆ ಅದು ಕೇಳಿಸಿತು. "ಬೆಣ್ಣೆ ಹಿಂದೆ," ಎಂದಳು ಗುಬ್ಬಿ, ಫೋನಿಗೆ ಕೇಳುವಂತೆ.

ಆ ಬೆಳಗ್ಗೆ ಅಪ್ಪ ಮಗಳ ಮುಖ ನೋಡುತ್ತಲೇ ಕೂತ. ಗುಬ್ಬಿ ನೆಲದ ಮೇಲಿನ ಸೂಜಿಗಳನ್ನೆಲ್ಲ ಹೆಕ್ಕಿ ಒಂದು ಬಟ್ಟಲಿಗೆ ಹಾಕಿದಳು. ಆಗಾಗ ಬೆರಳು ಚುಚ್ಚಿ, ಮೀಟರು ನೋಡಿ, ಅಂಕಿಯನ್ನು ಗಟ್ಟಿಯಾಗಿ ಓದಿದಳು. ಎಲ್ಲವೂ ಎಂದಿನ ಹಾಗೆಯೇ ಇತ್ತು. ಏರಿಯೂ ಇರಲಿಲ್ಲ, ಇಳಿದೂ ಇರಲಿಲ್ಲ. ಮಧ್ಯಾಹ್ನ ಬಂದ ನರ್ಸಮ್ಮ ಅಂಕಿಗಳನ್ನು ನೋಡಿ, "ತಗೊಂಡಿದ್ದಾಳೆ. ತಗೊಳ್ದೇ ಇದ್ದಿದ್ರೆ ಇಷ್ಟೊತ್ತಿಗೆ ಮೇಲೇರಿರೋದು," ಎಂದರು.

"ನಾನು ಹೇಳ್ದೆ," ಎಂದು ಗುಬ್ಬಿ ಟಿ.ವಿ. ಹಾಕಿಕೊಂಡಳು. ಅವಳ ಪಾಲಿಗೆ ಅದು ಅಲ್ಲಿಗೆ ಮುಗಿಯಿತು.

ಅಪ್ಪನಿಗೆ ಮುಗಿಯಲಿಲ್ಲ. ಬೆಳಗ್ಗೆ ಎಳೆದಿಟ್ಟ ಸಿರಿಂಜು ಇನ್ನೂ ಕಿಟಕಿಯ ಕಟ್ಟೆಯ ಮೇಲಿತ್ತು. ಅದನ್ನು ತೋರಿಸಿ ಮೆಲ್ಲಗೆ ಕೇಳಿದ, "ಅದರಲ್ಲಿ ಎಷ್ಟಿದೆ ನೋಡಿ ಹೇಳಿ."

ನರ್ಸಮ್ಮ ನೋಡಿದರು. "ಈಗ ಯಾಕೆ ಬಿಡಿ ಅದು."

"ಹೇಳಿ."

"ಹದಿನೆಂಟು."

ಅಪ್ಪ ಕುರ್ಚಿಯ ಕೈ ಹಿಡಿದುಕೊಂಡ. ಗುಬ್ಬಿಗೆ ಕೇಳಿಸದ ಹಾಗೆ ಹೇಳತೊಡಗಿದ. ಕಣ್ಣು ಮಂಜಾಗಿ ಎಷ್ಟೋ ಕಾಲವಾಗಿತ್ತು. ಪೇಪರು ಬರೀ ಬೂದಿಬಣ್ಣದ ಹಾಳೆ. ಮನೆಯ ಮೆಟ್ಟಿಲನ್ನು ಕಾಲಿನ ಅಭ್ಯಾಸದ ಮೇಲೆ ಇಳಿಯುತ್ತಿದ್ದ. "ಕಣ್ಣು ಹೋಗಿದೆ ಅಂತ ಗೊತ್ತಾದ್ರೆ, ಈ ಮುದುಕನ ಕೈಲಿ ಆಗಲ್ಲ ಅಂತ ಅವಳನ್ನ ಎಲ್ಲಿಗಾದ್ರೂ ಸೇರಿಸಿಬಿಡ್ತಾರೆ ಅಂದ್ಕೊಂಡೆ ನರ್ಸಮ್ಮ. ಅವಳು ಇಲ್ದಿದ್ರೆ ನಾನು..."

ನರ್ಸಮ್ಮ ಅವನಿಗೆ ನೀರು ತಂದುಕೊಟ್ಟರು. "ಯಾರೂ ಎಲ್ಲಿಗೂ ಸೇರಿಸಲ್ಲ. ಅವಳು ಈ ಮನೇಲೇ ಇರ್ಲಿ ಅಂತ ತಾನೇ ನಾವು ಇಷ್ಟೆಲ್ಲ ಒದ್ದಾಡಿದ್ದು? ಕಣ್ಣಿನ ಡಾಕ್ಟರ್ ಹತ್ರ ಹೋಗಿ. ಪೊರೆ ಇದ್ರೆ ತೆಗೀತಾರೆ. ಅಷ್ಟಕ್ಕೆ ಈ ಗೋಳು ಯಾಕೆ?"

ಅಪ್ಪ ಅವತ್ತೇ ಅಂಗಿಗಳ ಕೆಳಗಿದ್ದ ಕಟ್ಟನ್ನೂ ಸೀಸೆಯನ್ನೂ ತಂದು ಅವರ ಚೀಲಕ್ಕೆ ಹಾಕಿದ. ಆಮೇಲೆ ಗುಬ್ಬಿಯ ಪಕ್ಕದಲ್ಲಿ ಕೂತು, "ತೋಳು ನೋಯ್ತಿದ್ಯಾ?" ಎಂದು ಕೇಳಿದ.

"ಇಲ್ಲ. ಕಿವಿ ನೋಯ್ತು. ಕೂಗ್ಬೇಡಿ ಇನ್ಮೇಲೆ."

"ಕೂಗಲ್ಲ," ಎಂದ ಅಪ್ಪ.

ಪೊರೆ ಇತ್ತು, ಎರಡೂ ಕಣ್ಣಿನದನ್ನು ಒಂದಾದ ಮೇಲೊಂದರಂತೆ ತೆಗೆದರು. ಕಟ್ಟು ಬಿಚ್ಚಿ ಮನೆಗೆ ಬಂದಾಗ ಅಪ್ಪನಿಗೆ ಮೊದಲು ಕಂಡದ್ದು ಒಲೆಯ ಹಿಂದಿನ ಗೋಡೆಯ ಜಿಡ್ಡು. ಎರಡನೆಯದು, ಗುಬ್ಬಿಯ ಬೈತಲೆಯ ಪಕ್ಕ ಬೆಳ್ಳಗಾದ ಕೂದಲು. ಒಂದೆರಡಲ್ಲ, ಒಂದು ಎಳೆಯಷ್ಟು. ಅವನು ಅದನ್ನೇ ನೋಡುತ್ತ ನಿಂತ. ಇವಳಿಗೆ ವಯಸ್ಸಾಗುತ್ತಿದೆ ಎಂಬುದು ಅವನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಗೆರೆಗಳು ಈಗ ಸೊಗಸಾಗಿ ಕಾಣುತ್ತಿದ್ದವು. ಆದರೂ ಸೂಜಿ ಅವನ ಕೈಗೆ ವಾಪಸು ಬರಲಿಲ್ಲ. ಅವನು ಕೇಳಲೂ ಇಲ್ಲ. ಸುಮ್ಮನಿರುವುದು ಅವನಿಗೆ ಮೊದಮೊದಲು ಕಷ್ಟವಾಯಿತು. ಬೆಳಗಿನ ಹೊತ್ತು ಕೈಗೆ ಕೆಲಸವಿಲ್ಲದೆ ಪಾತ್ರೆಗಳನ್ನು ಎತ್ತಿ ಇಟ್ಟು ಸದ್ದು ಮಾಡುತ್ತಿದ್ದ. ಬರಬರುತ್ತ, ಗುಬ್ಬಿ ತನ್ನ ಪಾಡಿಗೆ ಮೀಟರು ನೋಡುವಾಗ ಅವನು ತನ್ನ ಪಾಡಿಗೆ ಪೇಪರು ಓದುವುದು ರೂಢಿಯಾಯಿತು. ಈಗ ನಿಜವಾಗಿಯೂ ಓದುತ್ತಿದ್ದ.

ಬೇಸಿಗೆಯಲ್ಲಿ ಕೇಂದ್ರದವರು ಒಂದು ಸರೋವರದ ಕಡೆಗೆ ಪ್ರವಾಸ ಹೊರಟರು. ಅಲ್ಲೇ ಉಳಿದು ಬರುವ ಪ್ರವಾಸ. ಗುಬ್ಬಿ ಮನೆ ಬಿಟ್ಟು ಬೇರೆ ಕಡೆ ಮಲಗಿದವಳೇ ಅಲ್ಲ. ಹೋಗುತ್ತೇನೆ ಎಂದಳು. ಅಪ್ಪ ಒಂದಿಡೀ ದಿನ ಯೋಚಿಸಿ, "ಸ್ವೆಟರ್ ತಗೊಂಡ್ಹೋಗು," ಎಂದ. ಅವಳು ಪೆನ್ನು, ಮೀಟರು, ರಸದ ಪುಟ್ಟ ಪೊಟ್ಟಣಗಳು ಎಲ್ಲವನ್ನೂ ತಾನೇ ಜೋಡಿಸಿಕೊಂಡಳು. ಅವಳು ಹೋದ ಮೇಲೆ ಮನೆ ಬಿಕೋ ಎಂದಿತು. ಅಪ್ಪ ಫೋನಿನ ಪಕ್ಕದಲ್ಲೇ ಊಟ ಮಾಡಿದ. ಯಾರೂ ಫೋನು ಮಾಡಲಿಲ್ಲ. ಅವನೂ ಮಾಡಲಿಲ್ಲ, ಎಷ್ಟೋ ಸಲ ಕೈ ಅಲ್ಲಿಯ ತನಕ ಹೋಗಿ ಬಂತು.

ಗುಬ್ಬಿ ಬಿಸಿಲಿಗೆ ಮೂಗು ಕೆಂಪಗಾಗಿ ವಾಪಸು ಬಂದಳು. ಚೀಲವನ್ನು ನಡುಮನೆಯಲ್ಲೇ ಒಗೆದು ಒಂದೇ ಸಮನೆ ಮಾತಾಡಿದಳು. ಗೊಣಗಣ್ಣ ಚಪ್ಪಲಿ ನೀರಿಗೆ ಬಿಟ್ಟನಂತೆ. ಉದ್ದಕ್ಕ ಮಂಚಕ್ಕೆ ಸಾಲದೆ ಕಾಲು ಹೊರಗೆ ಚಾಚಿ ಮಲಗಿದ್ದಳಂತೆ. ಬಾತುಕೋಳಿಯೊಂದು ಕೆಮ್ಮಣ್ಣನ ಹಿಂದೆಯೇ ಸುತ್ತುತ್ತಿತ್ತಂತೆ. "ಆಮೇಲೆ ಒಂದ್ಸಲ ಕೈ ನಡುಗ್ತು. ನೋಡಿದ್ರೆ ಅರವತ್ತೊಂದು. ಜ್ಯೂಸ್ ಕುಡ್ದೆ, ಕೂತ್ಕೊಂಡೆ, ನರ್ಸ್ ಅಕ್ಕಂಗೆ ಹೇಳ್ದೆ. ಮತ್ತೆ ನೋಡಿದ್ರೆ ಸರಿಹೋಗಿತ್ತು. ಬಿಸ್ಕತ್ ತಿಂದೆ. ಅಷ್ಟ್ರಲ್ಲಿ ದೋಣಿ ಹೊರಟೋಯ್ತು ಅಪ್ಪ! ನನ್ನ ಬಿಟ್ಟೇ ಹೋಯ್ತು!"

ಅಪ್ಪನ ನಾಲಿಗೆಯ ತುದಿಗೆ ನೂರು ಪ್ರಶ್ನೆಗಳು ಬಂದವು. ಯಾವಾಗ, ಎಷ್ಟು ಹೊತ್ತು, ಪಕ್ಕದಲ್ಲಿ ಯಾರಿದ್ದರು, ಬಿದ್ದಿದ್ದರೆ ಏನು ಗತಿ. ಗುಬ್ಬಿಯ ಕಣ್ಣಲ್ಲಿ ಮಾತ್ರ ಆ ದೋಣಿಯ ಸಂಕಟವೊಂದೇ ತುಂಬಿತ್ತು. ಅವನು ಪ್ರಶ್ನೆಗಳನ್ನೆಲ್ಲ ನುಂಗಿಕೊಂಡು ಅವಳ ಎದುರು ಕುರ್ಚಿ ಎಳೆದು ಕೂತ.

"ಅಯ್ಯೋ ಪಾಪ," ಎಂದ. "ಮತ್ತೆ ವಾಪಸ್ ಬಂತಾ ದೋಣಿ?"

"ಬಂತು," ಎಂದಳು ಗುಬ್ಬಿ. "ಆವಾಗ ಮುಂದಿನ ಸೀಟು ನಂದೇ."